ಎಲೆಯ ಚಿತ್ರದ ಡೈಪರ್, ಸಾದಾ ಡೈಪರ್: ಪರಿಸರದ ಲೆಕ್ಕದಲ್ಲಿ ಯಾವುದು ಮೇಲು?

ಡೈಪರ್ ಕೊಳ್ಳಲು ಹೋದವರ ಮುಂದೆ ಈಗ ಎರಡು ಬಗೆಯ ಪೊಟ್ಟಣಗಳಿರುತ್ತವೆ. ಒಂದು ಮೊದಲಿನಿಂದ ಎಲ್ಲರೂ ಕಂಡ ಸಾದಾ ಡೈಪರ್. ಇನ್ನೊಂದರ ಮೇಲೆ ಬಿದಿರಿನ ಎಲೆಯ ಚಿತ್ರವಿರುತ್ತದೆ, ‘ಪರಿಸರಸ್ನೇಹಿ’, ‘ಮಣ್ಣಿನಲ್ಲಿ ಕೊಳೆಯುತ್ತದೆ’ ಎಂಬ ಬರಹವಿರುತ್ತದೆ, ಬೆಲೆ ಮಾತ್ರ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು. ಹೊಸದಾಗಿ ತಂದೆತಾಯಿ ಆದವರು ಆ ಎರಡನೆಯ ಪೊಟ್ಟಣವನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯ ಮನಸ್ಸಿನಿಂದಲೇ. ಅವರು ತೆತ್ತ ಹೆಚ್ಚುವರಿ ಹಣಕ್ಕೆ ತಕ್ಕ ಉಪಕಾರ ನೆಲಕ್ಕೆ, ನೀರಿಗೆ, ಗಾಳಿಗೆ ಆಗುತ್ತದೆಯೇ ಎಂದು ಯಾರಾದರೂ ಅವರಿಗೆ ನೇರವಾಗಿ ಹೇಳಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡೈಪರ್ ಯಾವುದರಿಂದ ಆಗಿದೆ ಎನ್ನುವುದಕ್ಕಿಂತ ಬಳಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎನ್ನುವುದು ದೊಡ್ಡ ವಿಷಯ. ಕೊಳೆಯುವ ಡೈಪರ್ ನಿಜಕ್ಕೂ ಕೊಳೆಯಲು ಬೇಕಾದ ವ್ಯವಸ್ಥೆ ನಮ್ಮ ಊರುಗಳಲ್ಲಿ ಇಲ್ಲ. ಹೀಗಿರುವಾಗ ದುಬಾರಿ ಡೈಪರಿಗೆ ತಿಂಗಳು ತಿಂಗಳು ಹಣ ಸುರಿಯುವ ಬದಲು ಅದೇ ಹಣದಲ್ಲಿ ಒಂದೆರಡು ಡಜನ್ ಬಟ್ಟೆಯ ಲಂಗೋಟಿ ಕೊಂಡು, ಬಳಸುವ ಡೈಪರುಗಳ ಸಂಖ್ಯೆಯನ್ನೇ ಇಳಿಸುವುದು ಹೆಚ್ಚು ಫಲ ಕೊಡುವ ದಾರಿ. ಹಾಗೆಂದು ಎಲೆಯ ಚಿತ್ರದ ಡೈಪರ್ ಪೂರ್ತಿ ಮೋಸ ಎಂದೇನೂ ಅಲ್ಲ. ಅದು ಮೇಲಾಗುವ ಸಂದರ್ಭಗಳೂ ಇವೆ, ಅವನ್ನೂ ಹೇಳುತ್ತೇನೆ.

ಕತ್ತರಿಸಿ ನೋಡಿದರೆ ಏನಿದೆ

ಎರಡೂ ಬಗೆಯಿಂದ ಒಂದೊಂದು ಹೊಸ ಡೈಪರ್ ತೆಗೆದುಕೊಂಡು ಹಳೆಯ ದಿನಪತ್ರಿಕೆಯ ಮೇಲಿಟ್ಟು ಕತ್ತರಿಯಿಂದ ಉದ್ದಕ್ಕೆ ಸೀಳಿ ನೋಡಿ. ಜಾಹೀರಾತು ಹೇಳದ ಬಹಳಷ್ಟು ಸಂಗತಿ ಅಲ್ಲೇ ತಿಳಿಯುತ್ತದೆ.

ಸಾದಾ ಡೈಪರಿನಲ್ಲಿ ಮಗುವಿನ ಚರ್ಮಕ್ಕೆ ತಾಗುವ ಮೆತ್ತನೆಯ ಪದರ ಬಟ್ಟೆಯಂತೆ ಕಂಡರೂ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ. ಅದರ ಕೆಳಗೆ ಉಚ್ಚೆಯನ್ನು ಬೇಗ ಹರಡಿಸುವ ಇನ್ನೊಂದು ತೆಳು ಪದರ. ನಡುವೆ ಹತ್ತಿಯಂತೆ ಕಾಣುವ ತಿರುಳು. ಇದು ಹತ್ತಿಯಲ್ಲ, ಮರದ ತಿರುಳು. ಜಗತ್ತಿನ ಡೈಪರ್ ತಿರುಳಿನ ದೊಡ್ಡ ಪಾಲು ಬರುವುದು ಅಮೆರಿಕದ ಆಗ್ನೇಯ ರಾಜ್ಯಗಳ ಪೈನ್ ಮರಗಳಿಂದ. ತಿರುಳನ್ನು ಕಾಗದದ ಮೇಲೆ ಕೊಡವಿದರೆ ಸಣ್ಣ ಬಿಳಿ ಹರಳುಗಳು ಉದುರುತ್ತವೆ. ಇವು ಸೋಡಿಯಂ ಪಾಲಿಆಕ್ರಿಲೇಟ್, ಪೆಟ್ರೋಲಿಯಂ ಮೂಲದ ರಾಸಾಯನಿಕದಿಂದ ಮಾಡಿದ, ನೀರು ಹೀರುವ ಪಾಲಿಮರ್. ಹೊರಗಿನ ಪದರ ಪಾಲಿಎಥಿಲೀನ್ ಹಾಳೆ. ಸೊಂಟಕ್ಕೂ ತೊಡೆಗೂ ಎಲಾಸ್ಟಿಕ್ ದಾರ. ಇಷ್ಟನ್ನೂ ಹಿಡಿದಿಟ್ಟಿರುವುದು ಕಾಯಿಸಿ ಹಚ್ಚಿದ ಅಂಟು.

ಆ ಹರಳುಗಳ ಮೇಲೆ ಒಂದು ಲೋಟ ನೀರು ಹಾಕಿದರೆ ನೋಡನೋಡುತ್ತಲೇ ನೆನೆದ ಸಾಬಕ್ಕಿಯಂತೆ ಉಬ್ಬಿಕೊಳ್ಳುತ್ತವೆ. ಶುದ್ಧ ನೀರಾದರೆ ತಮ್ಮ ತೂಕದ ನೂರಾರು ಪಟ್ಟು ಹೀರುತ್ತವೆ. ಉಚ್ಚೆಯಲ್ಲಿ ಉಪ್ಪಿನಂಶ ಇರುವುದರಿಂದ ಅಲ್ಲಿ ಹೀರುವ ಪ್ರಮಾಣ ಬಹಳ ಕಡಿಮೆ, ಆದರೂ ತೂಕದ ಹತ್ತಾರು ಪಟ್ಟು. ಉಬ್ಬಿದ ಲೋಳೆಗೆ ಒಂದು ಚಮಚ ಉಪ್ಪು ಬೆರೆಸಿದರೆ ಹಿಡಿದಿಟ್ಟ ನೀರಿನ ದೊಡ್ಡ ಪಾಲನ್ನು ಬಿಟ್ಟುಕೊಡುತ್ತವೆ. ರಾತ್ರಿಯಿಡೀ ಮಗು ಒಣಗಿದ ಚರ್ಮದಲ್ಲಿ ಮಲಗುವುದು ಈ ಹರಳುಗಳ ದಯೆಯಿಂದ.

ಈಗ ಎಲೆಯ ಚಿತ್ರದ ಡೈಪರನ್ನು ಸೀಳಿ. ಮೇಲ್ಪದರ ಬಿದಿರಿನಿಂದ ಮಾಡಿದ ವಿಸ್ಕೋಸ್ ಎಂಬ ಎಳೆ ಆಗಿರಬಹುದು, ಇಲ್ಲವೇ ಮೆಕ್ಕೆಜೋಳದ ಪಿಷ್ಟದಿಂದ ಬರುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಆಗಿರಬಹುದು. ತಿರುಳು ಅದೇ ಮರದ ತಿರುಳು, ಬಹುಮಟ್ಟಿಗೆ ಕ್ಲೋರಿನ್ ಬಳಸದೆ ಬಿಳಿ ಮಾಡಿದ್ದು. ಕೊಡವಿದರೆ? ಅದೇ ಬಿಳಿ ಹರಳುಗಳು ಉದುರುತ್ತವೆ. ಎಲಾಸ್ಟಿಕ್ ಅದೇ, ಅಂಟೂ ಹೆಚ್ಚುಕಡಿಮೆ ಅದೇ. ಹೆಚ್ಚಿನ ‘ಕೊಳೆಯುವ’ ಡೈಪರುಗಳಲ್ಲಿ ಬದಲಾಗಿರುವುದು ಮೇಲಿನ ಮತ್ತು ಕೆಳಗಿನ ಹಾಳೆಗಳಷ್ಟೇ. ನೀರು ಹೀರುವ ಪಾಲಿಆಕ್ರಿಲೇಟ್ ಮಣ್ಣಿನಲ್ಲಿ ಬಹಳ ನಿಧಾನವಾಗಿ ಮಾತ್ರ ಕರಗುತ್ತದೆ, ಅದಕ್ಕೆ ಸಮನಾದ ಸಸ್ಯಮೂಲದ ಬದಲಿ ಮಾರುಕಟ್ಟೆಯಲ್ಲಿ ವ್ಯಾಪಕವಾಗಿ ಇನ್ನೂ ನೆಲೆಯೂರಿಲ್ಲ. ಕೆಲವು ಕಂಪನಿಗಳು ‘ಇಷ್ಟು ಶೇಕಡಾ ಮಾತ್ರ ಕೊಳೆಯುತ್ತದೆ’ ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತವೆ. ಅಂಥವರ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಗಿಡದಿಂದ ಬಂದದ್ದೆಲ್ಲ ಕೊಳೆಯುವುದಿಲ್ಲ

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ಕಬ್ಬಿನಿಂದ ತೆಗೆದ ಎಥನಾಲ್‌ನಿಂದಲೂ ಪಾಲಿಎಥಿಲೀನ್ ಮಾಡುತ್ತಾರೆ. ಅದರ ಮೂಲ ಗಿಡ, ನಿಜ. ಆದರೆ ತಯಾರಾದ ಮೇಲೆ ಅದಕ್ಕೂ ಕಚ್ಚಾತೈಲದಿಂದ ಬಂದ ಪಾಲಿಎಥಿಲೀನ್‌ಗೂ ಅಣುರಚನೆಯಲ್ಲಿ ವ್ಯತ್ಯಾಸವಿಲ್ಲ. ಅದು ಎಂದಿಗೂ ಗೊಬ್ಬರವಾಗುವುದಿಲ್ಲ. ಅದರ ಲಾಭ ಪಳೆಯುಳಿಕೆ ಇಂಧನ ಉಳಿಯಿತು ಎನ್ನುವಲ್ಲಿಗೆ ಮುಗಿಯುತ್ತದೆ. ಪಿಎಲ್‌ಎ ಕೊಳೆಯುತ್ತದೆ, ಆದರೆ ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖ, ತೇವ, ಗಾಳಿ ಮೂರನ್ನೂ ವಾರಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಗೊಬ್ಬರ ಘಟಕದಲ್ಲಿ. ಹಿತ್ತಲಿನ ತಿಪ್ಪೆಯಲ್ಲಿ, ಬಾಲ್ಕನಿಯ ಗೊಬ್ಬರದ ಮಡಕೆಯಲ್ಲಿ ಆ ಶಾಖ ಅಷ್ಟು ದಿನ ನಿಲ್ಲುವುದಿಲ್ಲ.

ಬಿದಿರಿನ ವಿಸ್ಕೋಸ್ ಕೊಳೆಯುತ್ತದೆ. ಆದರೆ ಬಿದಿರು ತಾನೇ ಬಟ್ಟೆಯಾಗುವುದಿಲ್ಲ. ಅದನ್ನು ಕಾಸ್ಟಿಕ್ ಸೋಡಾದಲ್ಲಿ, ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ ಎಳೆಯಾಗಿ ತೆಗೆಯಬೇಕು. ಈ ಉದ್ದಿಮೆಯ ಬೆಲೆ ಏನೆಂದು ಕರ್ನಾಟಕಕ್ಕೆ ಗೊತ್ತಿದೆ. ಹರಿಹರದ ಬಳಿ ತುಂಗಭದ್ರಾ ದಡದಲ್ಲಿ ರೇಯಾನ್‌ಗೆ, ಅಂದರೆ ಇದೇ ವಿಸ್ಕೋಸ್ ಎಳೆಗೆ, ಬೇಕಾದ ತಿರುಳು ತಯಾರಿಸುವ ಕಾರ್ಖಾನೆಯ ತ್ಯಾಜ್ಯನೀರಿನ ವಿರುದ್ಧ ನದೀತೀರದ ಹಳ್ಳಿಗಳು ದನಿಯೆತ್ತಿದವು. ಅದೇ ತಿರುಳಿಗಾಗಿ ಊರ ಗೋಮಾಳಗಳಲ್ಲಿ ನೀಲಗಿರಿ ನೆಡುವ ಯೋಜನೆಯ ವಿರುದ್ಧ 1987ರ ನವೆಂಬರಿನಲ್ಲಿ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿ ನೆಟ್ಟರು. ನಮ್ಮ ಡೈಪರಿನ ಬಿದಿರು ಬೇರೆ ನಾಡಿನಿಂದ ಬಂದಿರಬಹುದು. ಅಲ್ಲಿಯೂ ಒಂದು ನದಿ ಇರುತ್ತದೆ, ಅದರ ದಡದಲ್ಲಿ ಊರುಗಳಿರುತ್ತವೆ. ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಒಂದು ವಸ್ತುವನ್ನು ನಿರಪರಾಧಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

‘ವಿಶೇಷ ರಾಸಾಯನಿಕ ಬೆರೆಸಿದ್ದರಿಂದ ಬಿಸಿಲಿಗೆ ಕರಗುವ ಪ್ಲಾಸ್ಟಿಕ್’ ಎಂಬ ಬಗೆಯೂ ಇದೆ. ಅದು ಕರಗುವುದಿಲ್ಲ, ಚೂರಾಗುತ್ತದೆ ಅಷ್ಟೇ. ಐರೋಪ್ಯ ಒಕ್ಕೂಟ 2021ರಿಂದ ಅಂಥ ಪ್ಲಾಸ್ಟಿಕ್ಕಿನ ವಸ್ತುಗಳನ್ನು ನಿಷೇಧಿಸಿದೆ. ಪೊಟ್ಟಣದ ಮೇಲೆ ಆ ಮಾತು ಕಂಡರೆ ಹಾಗೆಯೇ ಕೆಳಗಿಡಿ.

ಬಳಸಿದ ಮೇಲೆ ಎಲ್ಲಿಗೆ?

ಒಂದು ಅಂದಾಜು ಮಾಡೋಣ. ದಿನಕ್ಕೆ 5 ಡೈಪರಿನಂತೆ ಎರಡು ವರ್ಷಕ್ಕೆ 3,650 ಆಗುತ್ತದೆ. ಒಂದೊಂದು ಸುಮಾರು 35 ಗ್ರಾಂ ಎಂದಿಟ್ಟುಕೊಂಡರೂ ಒಣ ತೂಕವೇ 128 ಕಿಲೋ ಹತ್ತಿರ ಬರುತ್ತದೆ. ಒದ್ದೆಯಾದಾಗ ಇದರ ಹಲವು ಪಟ್ಟು. ಇಷ್ಟು ಭಾರ ಒಂದೇ ಮಗುವಿನ ಹೆಸರಿನಲ್ಲಿ ಮನೆಯಿಂದ ಹೊರಗೆ ಹೋಗುತ್ತದೆ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನು ಸ್ಯಾನಿಟರಿ ತ್ಯಾಜ್ಯವೆಂದು ಕರೆದವು. ಸರಿಯಾಗಿ ಸುತ್ತಿ ಕೊಡಬೇಕೆಂದು ಮನೆಯವರಿಗೂ, ಸುತ್ತಲು ಚೀಲ ಒದಗಿಸಬೇಕೆಂದು ತಯಾರಕರಿಗೂ ಹೇಳಿದವು. ಬೆಂಗಳೂರಿನಲ್ಲಿ ಅದಕ್ಕೂ ಮೊದಲು, 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ ಕ್ರಮವನ್ನು ಕಡ್ಡಾಯ ಮಾಡಿತ್ತು: ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್, ಬ್ಯಾಂಡೇಜಿನಂಥವು. ಕೆಂಪು ಬುಟ್ಟಿಯ ಕಸ ಕೊನೆಗೆ ಸೇರುವುದು ದಹನ ಘಟಕಕ್ಕೆ ಅಥವಾ ನಗರದ ಹೊರಗಿನ ಕಸದ ಗುಡ್ಡಕ್ಕೆ. ಮಾವಳ್ಳಿಪುರದ ಜನ, ಮಂಡೂರಿನ ಜನ ಆ ಗುಡ್ಡಗಳ ಜೊತೆ ವರ್ಷಗಟ್ಟಲೆ ಬದುಕಿ ಹೋರಾಡಿದ್ದು ನೆನಪಿರಬೇಕು. ಮಂಡೂರಿಗೆ ಕಸ ಸುರಿಯುವುದು ನಿಂತಿದ್ದು 2014ರ ಕೊನೆಗೆ.

ಕಸದ ಗುಡ್ಡದಲ್ಲಿ ಏನಾಗುತ್ತದೆ? ಟನ್ನುಗಟ್ಟಲೆ ಕಸದ ಅಡಿಯಲ್ಲಿ ಗಾಳಿ ಆಡುವುದಿಲ್ಲ. ಸಾದಾ ಡೈಪರಿನ ಪ್ಲಾಸ್ಟಿಕ್ ಹಾಗೆಯೇ ಉಳಿಯುತ್ತದೆ. ‘500 ವರ್ಷ ಬೇಕು’ ಎಂದು ಎಲ್ಲ ಕಡೆ ಬರೆಯುತ್ತಾರೆ, ಆದರೆ ಇಂಥ ಡೈಪರುಗಳು ಮಾರುಕಟ್ಟೆಯಲ್ಲಿ ಬೇರೂರಿದ್ದೇ 1960ರ ದಶಕದಲ್ಲಿ. ಅಷ್ಟು ಕಾಲ ಕಾದು ಅಳೆದವರು ಯಾರೂ ಇಲ್ಲ, ಅದೊಂದು ಅಂದಾಜು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ ಎಂದರೆ ಸಾಕು. ಪಿಎಲ್‌ಎ ಹಾಳೆಯೂ ಅಲ್ಲಿ ಬಹುಮಟ್ಟಿಗೆ ಹಾಗೆಯೇ ಇರುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಶಾಖ ಮತ್ತು ಗಾಳಿ ಎರಡೂ ಇಲ್ಲ. ಮರದ ತಿರುಳು, ವಿಸ್ಕೋಸ್ ಕೊಳೆಯುತ್ತವೆ. ಗಾಳಿಯಿಲ್ಲದೆ ಕೊಳೆಯುವುದರಿಂದ ಹೊರಡುವುದು ಮೀಥೇನ್. 100 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಆ ಅನಿಲವನ್ನು ಹಿಡಿಯುವ ಕೊಳವೆಗಳು ನಮ್ಮ ಹೆಚ್ಚಿನ ಕಸದ ಗುಡ್ಡಗಳಲ್ಲಿಲ್ಲ. ಅಂದರೆ ಹೆಚ್ಚು ಕೊಳೆಯುವ ಡೈಪರ್ ಗುಡ್ಡ ಸೇರಿದರೆ ಹವಾಮಾನದ ದೃಷ್ಟಿಯಿಂದ ಸಾದಾ ಡೈಪರಿಗಿಂತ ಕೆಟ್ಟದ್ದೂ ಆಗಬಹುದು. ಕೇಳಲು ಇದು ವಿಚಿತ್ರ, ಆದರೆ ಲೆಕ್ಕ ಹಾಗೆಯೇ ಇದೆ.

ದಹನ ಘಟಕಕ್ಕೆ ಹೋದರೆ ಮಾತು ಬೇರೆ. ಸಾದಾ ಡೈಪರನ್ನು ಸುಟ್ಟಾಗ ನೆಲದಡಿಯಿಂದ ತೆಗೆದ ಇಂಗಾಲ ಗಾಳಿಗೆ ಸೇರುತ್ತದೆ. ಸಸ್ಯಮೂಲದ ಹಾಳೆ ಸುಟ್ಟಾಗ ಗಿಡ ಈಚೆಗೆ ಹೀರಿದ ಇಂಗಾಲವೇ ಮರಳಿ ಹೊರಡುತ್ತದೆ. ಇಲ್ಲಿ ಎಲೆಯ ಚಿತ್ರದ ಡೈಪರಿಗೆ ಸಣ್ಣದಾದರೂ ನಿಜವಾದ ಮೇಲುಗೈ ಇದೆ. ನಿಮ್ಮ ನಗರದ ಸ್ಯಾನಿಟರಿ ತ್ಯಾಜ್ಯ ಖಚಿತವಾಗಿ ದಹನ ಘಟಕಕ್ಕೆ ಹೋಗುತ್ತದೆ ಎಂದು ಗೊತ್ತಿದ್ದರೆ, ಹಣದ ಅನುಕೂಲವೂ ಇದ್ದರೆ, ಅದನ್ನೇ ಕೊಳ್ಳಿ.

ಎಲೆಯ ಚಿತ್ರದ ಡೈಪರ್ ಪೂರ್ತಿ ಗೆಲ್ಲಬಹುದಾದ ಜಾಗ ಒಂದೇ: ಡೈಪರುಗಳನ್ನೇ ಪ್ರತ್ಯೇಕವಾಗಿ ಪಡೆದು, ಶಾಖ ಕಾಯ್ದು ಗೊಬ್ಬರ ಮಾಡುವ ಘಟಕ. ನಮ್ಮಲ್ಲಿ ಹಸಿ ಕಸದ ಘಟಕಗಳು ಡೈಪರನ್ನು ಒಳಗೆ ಬಿಡುವುದೇ ಇಲ್ಲ, ಬಿಡಬಾರದು ಕೂಡ. ಇನ್ನು ಹಳ್ಳ, ಕೆರೆಯಂಚು, ರಸ್ತೆಬದಿಗೆ ಎಸೆದರೆ ಎರಡಕ್ಕೂ ಭೇದವಿಲ್ಲ. ಮಲ ನೀರಿಗೆ ಸೇರುತ್ತದೆ, ಉಬ್ಬಿದ ಲೋಳೆ ಮಣ್ಣಿಗೆ ಸೇರುತ್ತದೆ, ಕಿತ್ತುಹೋದ ಹಾಳೆಯನ್ನು ದನ ಮೇಯುತ್ತದೆ.

ಬೇರೆ ದೇಶಗಳು ಮೂರನೆಯ ದಾರಿಯೊಂದನ್ನು ಹುಡುಕುತ್ತಿವೆ. ಇಟಲಿಯ ಟ್ರೆವಿಸೊ ಪ್ರಾಂತ್ಯದಲ್ಲಿ ಬಳಸಿದ ಸಾದಾ ಡೈಪರುಗಳನ್ನು ಹಬೆಯಲ್ಲಿ ಶುದ್ಧಮಾಡಿ ತಿರುಳು, ಪ್ಲಾಸ್ಟಿಕ್, ಹೀರುವ ಪಾಲಿಮರ್ ಎಂದು ಬೇರ್ಪಡಿಸುವ ಘಟಕವನ್ನು 2017ರಲ್ಲಿ ತೆರೆದರು. ವೇಲ್ಸ್‌ನಲ್ಲಿ 2022ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಳಸಿದ ಡೈಪರುಗಳ ನಾರನ್ನು ಡಾಂಬರಿಗೆ ಬೆರೆಸಿ ಹೆದ್ದಾರಿಯ ಒಂದು ಭಾಗಕ್ಕೆ ಹಾಸಿದರು. ಇವೆಲ್ಲ ನಡೆಯುವುದು ಡೈಪರನ್ನು ಬೇರೆಯಾಗಿ ಸಂಗ್ರಹಿಸುವ ಊರುಗಳಲ್ಲಿ. ಸಂಗ್ರಹ ಸರಿಯಿದ್ದರೆ ಸಾದಾ ಡೈಪರಿಗೂ ಮರುಬಾಳ್ವೆ ಸಾಧ್ಯ.

ಅಧ್ಯಯನಗಳು ತೋರಿಸಿದ್ದು

ಬ್ರಿಟನ್ನಿನಲ್ಲಿ ಸರ್ಕಾರಿ ಸಂಸ್ಥೆಗಳು ಡೈಪರುಗಳ ಜೀವನಚಕ್ರದ, ಅಂದರೆ ತಯಾರಿಕೆಯಿಂದ ವಿಲೇವಾರಿಯವರೆಗಿನ, ಲೆಕ್ಕವನ್ನು ಹಲವು ಸಲ ಮಾಡಿಸಿವೆ. 2008ರ ವರದಿಯ ಪ್ರಕಾರ ಮಗುವಿನ ಎರಡೂವರೆ ವರ್ಷಕ್ಕೆ ಎಸೆಯುವ ಡೈಪರಿನಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ, ತೊಳೆದು ಬಳಸುವ ಬಟ್ಟೆಯ ನ್ಯಾಪಿಯಿಂದ ಸುಮಾರು 570 ಕಿಲೋ. ಎರಡಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವಷ್ಟು. ಬಟ್ಟೆಯ ಪಕ್ಷದವರಿಗೆ ಇದು ನಿರಾಸೆ ತಂದಿತ್ತು. ಆದರೆ ಅದೇ ವರದಿ ಇನ್ನೊಂದನ್ನೂ ಹೇಳಿತ್ತು: ಯಂತ್ರ ತುಂಬ ಬಟ್ಟೆ ಹಾಕಿ ತೊಳೆದು, ಹಗ್ಗದ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಅದೇ ನ್ಯಾಪಿ ಬಳಸಿದರೆ ಬಟ್ಟೆಯ ಹೊರೆ ಸುಮಾರು ಶೇ 40ರಷ್ಟು ಇಳಿಯುತ್ತದೆ. 2023ರ ಹೊಸ ಲೆಕ್ಕದಲ್ಲಿ, ಅಲ್ಲಿನ ಸಾಮಾನ್ಯ ಬಳಕೆಯಲ್ಲೇ, ಬಟ್ಟೆಯದು ಎಸೆಯುವ ಡೈಪರಿಗಿಂತ ಶೇ 25ರಷ್ಟು ಕಡಿಮೆ ಎಂದು ಬಂತು.

ಬಟ್ಟೆಯ ಹೊರೆ ಇರುವುದು ಬಿಸಿನೀರಿನಲ್ಲಿ, ಒಣಗಿಸುವ ಯಂತ್ರದಲ್ಲಿ. ಎಸೆಯುವ ಡೈಪರಿನ ಹೊರೆಯ ದೊಡ್ಡ ಭಾಗ ಅದನ್ನು ತಯಾರಿಸುವಲ್ಲೇ ಮುಗಿದಿರುತ್ತದೆ, ಕಸದ ಬುಟ್ಟಿ ತಲುಪುವ ಮೊದಲೇ. ಕೊನೆಗೆ ಕೊಳೆಯುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಹಿಡಿದು ಕುಳಿತರೆ ಈ ದೊಡ್ಡ ಭಾಗ ಕಣ್ಣಿಗೆ ಬೀಳುವುದಿಲ್ಲ. ದಪ್ಪನೆಯ, ಹೆಚ್ಚು ತಿರುಳು ತುಂಬಿದ, ಬೇಗ ಸೋರುವ ಕಾರಣಕ್ಕೆ ದಿನಕ್ಕೆ ಎರಡು ಹೆಚ್ಚು ಬೇಕಾಗುವ ‘ಹಸಿರು’ ಡೈಪರಿಗಿಂತ, ತೆಳ್ಳಗೆ ಹಗುರಾಗಿ ರಾತ್ರಿಯಿಡೀ ಒಂದೇ ಸಾಲುವ ಸಾದಾ ಡೈಪರ್ ಒಟ್ಟು ಲೆಕ್ಕದಲ್ಲಿ ವಾಸಿ. ಕೊಳ್ಳುವಾಗ ಎರಡನ್ನೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, ಒಂದೊಂದು ಎಷ್ಟು ಗಂಟೆ ತಡೆಯುತ್ತದೆ ಎಂದು ಗಮನಿಸಿ.

ಪೊಟ್ಟಣದ ಬರಹವನ್ನು ಓದುವುದು

ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ನಮ್ಮ ದೇಶದಲ್ಲಿರುವ ಮಾನದಂಡ ಐಎಸ್/ಐಎಸ್‌ಒ 17088. ಅಂಥ ಪ್ಲಾಸ್ಟಿಕ್ ವಸ್ತುಗಳಿಗೆ ಪ್ರಮಾಣಪತ್ರ ಕೊಡುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಡೈಪರಿನ ಯಾವ ಭಾಗಕ್ಕೆ ಆ ಪ್ರಮಾಣಪತ್ರವಿದೆ, ಇಡೀ ಡೈಪರಿಗೋ, ಹೊರಗಿನ ಹಾಳೆಗೋ, ಬರೀ ಪೊಟ್ಟಣದ ಚೀಲಕ್ಕೋ ಎಂದು ಕಂಪನಿಯನ್ನು ಕೇಳಿ. ಚೀಲಕ್ಕೆ ಸಿಕ್ಕ ಪ್ರಮಾಣಪತ್ರವನ್ನು ಡೈಪರಿನದ್ದೆಂದು ತಿಳಿಯುವುದು ಬಹಳ ಸುಲಭ.

ಆಧಾರವಿಲ್ಲದೆ ‘ಪರಿಸರಸ್ನೇಹಿ’ ಎಂದು ಸಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅಂಥ ಮಾತಿಗೆ ಪುರಾವೆ ಇರಬೇಕು, ಅದು ಗ್ರಾಹಕರಿಗೆ ಸಿಗುವಂತಿರಬೇಕು. ಅಮೆರಿಕದಲ್ಲಂತೂ 2014ರಲ್ಲೇ ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಆಯೋಗ ಡೈಪರ್ ಕಂಪನಿಯೊಂದರ ‘ಕೊಳೆಯುತ್ತದೆ’ ಎಂಬ ಜಾಹೀರಾತಿನ ಮೇಲೆ ಕ್ರಮ ಜರುಗಿಸಿತ್ತು. ಕಸದ ಗುಡ್ಡಕ್ಕೆ ಹೋಗುವ ವಸ್ತುವಿಗೆ ಆ ಮಾತು ಬಳಸುವುದು ಜನರನ್ನು ದಾರಿ ತಪ್ಪಿಸುವುದು ಎನ್ನುವುದೇ ಆಯೋಗದ ನಿಲುವು.

ಹಾಗಾದರೆ ನಿಮ್ಮ ಮನೆಗೆ ಯಾವುದು?

ಕಸದ ಆಟೊ ಬಾರದ ಹಳ್ಳಿಯಲ್ಲಿ, ಸಣ್ಣ ಊರಿನಲ್ಲಿ ಇರುವವರಿಗೆ ನನ್ನ ಸಲಹೆ ಸ್ಪಷ್ಟ: ಎರಡನ್ನೂ ಆದಷ್ಟು ಬಿಡಿ, ಬಟ್ಟೆಯೇ ಸರಿ. ಹಿತ್ತಲಲ್ಲಿ ಸುಟ್ಟರೆ ಒದ್ದೆ ಪ್ಲಾಸ್ಟಿಕ್ಕಿನ ಹೊಗೆ ಮೊದಲು ಸೇರುವುದು ಅದೇ ಮಗುವಿನ ಮೂಗನ್ನು. ಹೂತರೆ ಮಳೆಗಾಲಕ್ಕೆ ಮೇಲೆ ಬರುತ್ತದೆ. ಹಳೆಯ ಪಂಚೆ, ಸವೆದ ಹತ್ತಿ ಸೀರೆಯನ್ನು ಹರಿದು ಮಾಡಿದ ಲಂಗೋಟಿಗೆ ಹೊಸ ಹತ್ತಿ ಬೆಳೆಯಬೇಕಿಲ್ಲ, ಹೊಸ ಕಾರ್ಖಾನೆ ಬೇಕಿಲ್ಲ. ಬಿಸಿಲು ಯಥೇಚ್ಛವಾಗಿರುವ ನಾಡಿನಲ್ಲಿ ಒಣಗಿಸುವ ಖರ್ಚೂ ಇಲ್ಲ. ಮಲೆನಾಡಿನ ಆಷಾಢದ ಮಳೆಯಲ್ಲಿ ಮಾತ್ರ ಕಷ್ಟ. ಅದಕ್ಕೇ ಅಲ್ಲಿನ ಬಾಣಂತಿ ಕೋಣೆಗಳಲ್ಲಿ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬೆತ್ತದ ಬುಟ್ಟಿ ಕವುಚಿ, ಅದರ ಮೇಲೆ ಮಗುವಿನ ಬಟ್ಟೆ ಹರಡುತ್ತಿದ್ದರು. ಈಗಲೂ ಆ ತಿಂಗಳುಗಳಲ್ಲಿ ಡೈಪರ್ ಬಳಸಿದರೆ ಯಾರೂ ತಪ್ಪು ಎಣಿಸಬೇಕಿಲ್ಲ.

ನಗರದಲ್ಲಿ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಬಟ್ಟೆ ಒಂದೇ ಎಂದು ಹಟ ಹಿಡಿಯುವುದು ನ್ಯಾಯವಲ್ಲ. ಹೆಚ್ಚಿನ ಮನೆಗಳಲ್ಲಿ ಲಂಗೋಟಿ ಒಗೆಯುವ ಕೆಲಸ ತಾಯಿಯ ಅಥವಾ ಅಜ್ಜಿಯ ಪಾಲಿಗೇ ಬರುತ್ತದೆ. ಪರಿಸರದ ಹೆಸರಿನಲ್ಲಿ ಅವರ ಬೆನ್ನಿನ ಮೇಲೆ ಹೊರೆ ಹೇರುವ ಉಪದೇಶವನ್ನು ನಾನು ಒಪ್ಪುವುದಿಲ್ಲ. ಒಗೆಯುವುದನ್ನು ತಂದೆಯೂ ಹಂಚಿಕೊಂಡರೆ ಮಾತು ಬೇರೆ. ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಗಳಲ್ಲಿ ನೀರಿನ ಲೆಕ್ಕವೂ ಇದೆ. ಇಂಥ ಮನೆಗೆ ಹಗಲು ಬಟ್ಟೆ, ರಾತ್ರಿ ಮತ್ತು ಪ್ರಯಾಣಕ್ಕೆ ಡೈಪರ್ ಎಂಬ ಏರ್ಪಾಡು ಹೊಂದುತ್ತದೆ. ದಿನಕ್ಕೆ ಐದರ ಜಾಗದಲ್ಲಿ ಒಂದೆರಡಕ್ಕೆ ಇಳಿದರೆ, ಆ ಒಂದೆರಡು ಯಾವ ಬಗೆಯದ್ದಾದರೂ, ಎಲೆಯ ಚಿತ್ರದ ಐದು ಡೈಪರುಗಳಿಗಿಂತ ಎಷ್ಟೋ ಮೇಲು.

ಕೆಲವು ಮಕ್ಕಳಿಗೆ ಸಾದಾ ಡೈಪರಿನ ಸುಗಂಧದಿಂದ ತೊಡೆಸಂದು ಕೆಂಪಾಗುತ್ತದೆ. ಎಲೆಯ ಚಿತ್ರದ ಹಲವು ಡೈಪರುಗಳಲ್ಲಿ ಸುಗಂಧ, ಲೋಷನ್ ಇರುವುದಿಲ್ಲ. ಅದಕ್ಕಾಗಿ ಕೊಳ್ಳುವುದಾದರೆ ಅದು ಸರಿಯಾದ ಕಾರಣ. ಆದರೆ ಸುಗಂಧವಿಲ್ಲದ ಸಾದಾ ಡೈಪರುಗಳೂ ಸಿಗುತ್ತವೆ, ಒಮ್ಮೆ ಹುಡುಕಿ ನೋಡಿ.

ಡೈಪರ್ ಬಿಡಿಸುವ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಕಾಲು ಚಾಚಿ ಕುಳಿತು, ಪಾದಗಳ ಮೇಲೆ ಮಗುವನ್ನು ಕೂರಿಸಿ, ಎದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ‘ಸ್ಸ್’ ಎಂದು ಉಚ್ಚೆ ಮಾಡಿಸುವ ರೂಢಿ ನಮ್ಮ ಅಜ್ಜಿಯರದ್ದು. ಅವರು ಮನೆಯಲ್ಲಿದ್ದರೆ ಅವರಿಗೆ ಬಿಟ್ಟುಕೊಡಿ. ದಿನಕ್ಕೆ ಒಂದು ಡೈಪರ್ ಉಳಿದರೂ ವರ್ಷಕ್ಕೆ 365.

ಯಾವುದನ್ನೇ ಬಳಸಿ, ಎಸೆಯುವ ಮೊದಲು ಮಲವನ್ನು ಶೌಚಾಲಯಕ್ಕೆ ಸುರಿದು ನೀರು ಹಾಕಿ. ಬಾಯಿಗೆ ಪೋಲಿಯೊ ಹನಿ ಹಾಕಿಸಿದ ಮಗುವಿನ ಮಲದಲ್ಲಿ ಲಸಿಕೆಯ ವೈರಾಣು ಕೆಲವು ವಾರ ಹೊರಬರುತ್ತಿರುತ್ತದೆ. ಹೊಟ್ಟೆಕೆಟ್ಟ ಮಗುವಿನದ್ದಾದರೆ ಹೇಳುವುದೇ ಬೇಡ. ಆ ಕಸವನ್ನು ಮುಟ್ಟುವುದು ಪೌರಕಾರ್ಮಿಕರ ಕೈ, ಅನೇಕ ಸಲ ಕೈಗವಸಿಲ್ಲದ ಕೈ. ಡೈಪರನ್ನು ಒಳಮುಖವಾಗಿ ಬಿಗಿಯಾಗಿ ಸುರುಳಿ ಸುತ್ತಿ, ಅದರದೇ ಟೇಪಿನಿಂದ ಬಂಧಿಸಿ, ದಿನಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಶಾಯಿಯಿಂದ ದೊಡ್ಡದಾಗಿ ಗುರುತು ಹಾಕಿ ಪ್ರತ್ಯೇಕವಾಗಿ ಕೊಡಿ. ‘ಕೊಳೆಯುತ್ತದೆ’ ಎಂದು ಬರೆದಿದೆಯೆಂದು ಎಲೆಯ ಚಿತ್ರದ ಡೈಪರನ್ನು ಹಸಿ ಕಸದ ಬುಟ್ಟಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೊಬ್ಬರ ಘಟಕದಲ್ಲಿ ಅದನ್ನು ತರಕಾರಿ ಸಿಪ್ಪೆಗಳ ನಡುವಿನಿಂದ ಕೈಯಲ್ಲೇ ಹೆಕ್ಕಿ ತೆಗೆಯಬೇಕಾಗುತ್ತದೆ, ತೆಗೆಯದೆ ಬಿಟ್ಟರೆ ಪ್ಲಾಸ್ಟಿಕ್ಕಿನ ಚೂರೂ ಲೋಳೆಯೂ ಗೊಬ್ಬರದ ಜೊತೆ ಹೊಲ ಸೇರುತ್ತವೆ.